ಕಡಲ ದಂಡೆಯ ಡೇರೆಯಲ್ಲಿ ಹಂಡ್ಯಾ

ಕೇಳುಗರಿಗೆ ನಮಸ್ಕಾರ.

ನಾಯಿಯನ್ನು ಜೊತೆಗೆ ಕರೆದುಕೊಂಡು ಊರ ಹೊರಗೆ ಬಿಡಾರ ಹೂಡುವುದು ನಮ್ಮ ಭಾಗಕ್ಕೆ ಹೊಸ ಸಂಗತಿಯೇನಲ್ಲ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ದಿನಗಳಲ್ಲಿ ಮನೆಯ ನಾಯಿ ಯಾರೂ ಕರೆಯದಿದ್ದರೂ ಹೊರಟು ನಿಲ್ಲುತ್ತಿತ್ತು. ದಾರಿಯುದ್ದಕ್ಕೂ ಚಕ್ಕಡಿಯ ಕೆಳಗಿನ ನೆರಳು ಹಿಡಿದು ನಡೆದು, ರಾತ್ರಿ ಜೋಳದ ರೊಟ್ಟಿಯ ತುಣುಕು ತಿಂದು, ಗಾಲಿಗೆ ಒರಗಿ ಮಲಗುತ್ತಿತ್ತು. ಕುರಿಗಳನ್ನು ಅಟ್ಟಿಕೊಂಡು ಊರಿಂದೂರಿಗೆ ತಿರುಗುವ ಕುರುಬ ಬಂಧುಗಳು ಇಂದಿಗೂ ತಿಂಗಳುಗಟ್ಟಲೆ ನಾಯಿಗಳ ಕಾವಲಿನಲ್ಲಿ ಬಯಲಲ್ಲೇ ರಾತ್ರಿ ಕಳೆಯುತ್ತಾರೆ. ಹೀಗಿರುವಾಗ ನಾಯಿಯೊಂದಿಗೆ ಡೇರೆಯಲ್ಲಿ ಉಳಿಯುವ ವಿದ್ಯೆಯನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಬಾಗಲಕೋಟೆ ಜಿಲ್ಲೆಯಲ್ಲಿ ಮೂವತ್ತು ವರ್ಷ ಪಶುವೈದ್ಯನಾಗಿ ದುಡಿದವನಿಗೆ ಅಷ್ಟು ಸೊಕ್ಕು ಇರುವುದು ಸಹಜ. ಅದು ಇಳಿದದ್ದು ಸಮುದ್ರದ ನಡುವಿನ ಒಂದು ದ್ವೀಪದಲ್ಲಿ.

ಈ ಮಾತು ಈಗ ನೆನಪಾಗಲು ಕಾರಣವಿದೆ. ಮುಧೋಳದ ಹತ್ತಿರದ ಹಳ್ಳಿಯ ಯುವಕನೊಬ್ಬ ಕಳೆದ ದೀಪಾವಳಿಯ ಹೊತ್ತಿಗೆ ನನಗೆ ಫೋನ್ ಮಾಡಿದ್ದ. ಅವನ ಮನೆಯಲ್ಲಿ ಎರಡು ವರ್ಷದ ಮುಧೋಳ ನಾಯಿಯಿದೆ. ಗೆಳೆಯರೆಲ್ಲ ಸೇರಿ ಲಕ್ಷದ್ವೀಪದ ದಂಡೆಯಲ್ಲಿ ಡೇರೆ ಹಾಕಿ ನಾಲ್ಕು ದಿನ ಇರಬೇಕೆಂದಿದ್ದೇವೆ, ನಾಯಿಯನ್ನೂ ಒಯ್ಯುತ್ತೇವೆ, ಯಾವ ಯಾವ ಲಸಿಕೆ ಹಾಕಿಸಬೇಕು ಎಂದು ಕೇಳಿದ. ಲಸಿಕೆಯ ಮಾತು ಆಮೇಲಾಯಿತು, ಲಕ್ಷದ್ವೀಪಕ್ಕೆ ನಾಯಿಯನ್ನು ಒಯ್ಯಲು ಬಿಡುವುದೇ ಇಲ್ಲ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ನಮ್ಮ ದೇಶದಲ್ಲಿ ಹುಚ್ಚುನಾಯಿ ರೋಗದ, ಅಂದರೆ ರೇಬೀಸಿನ, ಕಾಟವಿಲ್ಲದ ಜಾಗಗಳು ಎಂದು ಹೆಸರಿಸುವುದು ಲಕ್ಷದ್ವೀಪವನ್ನು ಮತ್ತು ಅಂಡಮಾನ್–ನಿಕೋಬಾರನ್ನು ಮಾತ್ರ. ಸುತ್ತಲೂ ಸಮುದ್ರವಿರುವುದರಿಂದ ರೋಗ ತಾನಾಗಿ ನಡೆದು ಬರಲಾರದು, ಬಂದರೆ ಯಾರದೋ ಸಾಕುನಾಯಿಯ ಜೊಲ್ಲಿನಲ್ಲಿ ಬರಬೇಕು. ಅಮೆರಿಕದ ಹವಾಯಿ ದ್ವೀಪಗಳೂ ಹೀಗೆಯೇ. ಅಲ್ಲಿಗೆ ನಾಯಿಯನ್ನು ಕರೆದೊಯ್ಯುವವರು ಮೈಕ್ರೋಚಿಪ್ ಹಾಕಿಸಿ, ಎರಡು ಸಲ ರೇಬೀಸ್ ಲಸಿಕೆ ಕೊಡಿಸಿ, ರಕ್ತ ಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿ ನಿಗದಿತ ಮಟ್ಟಕ್ಕೆ ಬಂದಿದೆಯೆಂದು ತೋರಿಸಿ, ಅದಕ್ಕೆ ಹೇಳಿದಷ್ಟು ದಿನ ಕಾದಿರಬೇಕು. ಇಲ್ಲವಾದರೆ ನಾಯಿ 120 ದಿನ ಪ್ರತ್ಯೇಕ ವಾಸದಲ್ಲಿ ಕೂರಬೇಕಾಗುತ್ತದೆ. ನಾಲ್ಕು ದಿನದ ವಿಹಾರಕ್ಕೆ ನಾಲ್ಕು ತಿಂಗಳ ಸೆರೆವಾಸ.

ಯುವಕ ಪೆಚ್ಚಾದ. ಅವನನ್ನು ಸಮಾಧಾನಪಡಿಸಲು ನನ್ನದೇ ಕಥೆ ಹೇಳಿದೆ. ಅದನ್ನೇ ಇಂದು ತಮ್ಮ ಮುಂದೆಯೂ ಇಡುತ್ತೇನೆ.

ನಿವೃತ್ತನಾದ ಮೇಲೆ ಅಮೆರಿಕದ ಫ್ಲಾರಿಡಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳ ಮನೆಯಲ್ಲೊಂದು ಗ್ರೇಹೌಂಡ್ ಎಂಬ ಓಟದ ನಾಯಿ ಇತ್ತು, ಅದೂ ನನ್ನಂತೆಯೇ ನಿವೃತ್ತ. ಫ್ಲಾರಿಡಾದಲ್ಲಿ ಹಣ ಕಟ್ಟುವ ನಾಯಿ ಓಟಗಳನ್ನು ನಿಲ್ಲಿಸಬೇಕೆಂದು 2018ರಲ್ಲಿ ಜನ ಮತ ಹಾಕಿದರು, 2020ರ ಕೊನೆಗೆ ಅವು ನಿಂತವು. ಓಟದ ಅಂಗಳದಿಂದ ಹೊರಬಿದ್ದ ಎಷ್ಟೋ ನಾಯಿಗಳು ಹೀಗೆ ಮನೆಗಳ ಪಾಲಾದವು. ಕಂದು ಮೈಮೇಲೆ ಕಪ್ಪು ಪಟ್ಟೆಗಳಿದ್ದುದರಿಂದ ನಾನು ಅದಕ್ಕೆ ಹಂಡ್ಯಾ ಎಂದು ಹೆಸರಿಟ್ಟೆ. ಉದ್ದ ಮೂತಿ, ಒಳಸೇದಿದ ಹೊಟ್ಟೆ, ಕೊಬ್ಬೇ ಇಲ್ಲದ ಮೈ, ದೂರದಲ್ಲಿ ಏನಾದರೂ ಅಲುಗಿದರೆ ನೆಟ್ಟು ನಿಲ್ಲುವ ಕಣ್ಣು. ನಮ್ಮ ಮುಧೋಳ ನಾಯಿಯ ಪರದೇಶದ ಅಣ್ಣನಂತೆ ಇತ್ತು. ಎರಡೂ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿಯವು.

ಏಪ್ರಿಲ್ ಕೊನೆಯ ವಾರ ಮೂರು ರಾತ್ರಿ ಉಳಿಯಲೆಂದು ಫ್ಲಾರಿಡಾ ಕೀಸ್ ಎಂಬ ದ್ವೀಪಮಾಲೆಯ ಬಾಹಿಯಾ ಹೋಂಡಾ ಎಂಬ ಉದ್ಯಾನಕ್ಕೆ ಹೋದೆವು. ಭೂಪಟದ ಗೆರೆಯನ್ನೇ ಹಿಡಿದರೆ ಅದು ಕರ್ಕಾಟಕ ವೃತ್ತಕ್ಕೆ ತುಸು ಉತ್ತರಕ್ಕಿದೆ, ಆದರೆ ಹವೆ, ತೆಂಗು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಹವಳ ಎಲ್ಲ ಉಷ್ಣವಲಯದವು. ಏಳು ಮೈಲಿ ಉದ್ದದ ಸೇತುವೆಯ ಮೇಲೆ ಎರಡೂ ಬದಿಗೆ ಹಸಿರು ನೀರನ್ನು ನೋಡುತ್ತ ಹೋದರೆ ಸ್ವಲ್ಪದರಲ್ಲೇ ಈ ದ್ವೀಪ ಸಿಗುತ್ತದೆ. 1912ರಲ್ಲಿ ಮುಗಿದು 1935ರ ಚಂಡಮಾರುತದಲ್ಲಿ ಹಾಳಾದ ರೈಲು ಮಾರ್ಗದ ಮುರುಕು ಸೇತುವೆ ಇಂದಿಗೂ ಅಲ್ಲಿ ನಿಂತಿದೆ. ಡೇರೆ ಹಾಕಲು ಗುರುತು ಮಾಡಿದ ಜಾಗಗಳಿವೆ, ಪ್ರತಿಯೊಂದಕ್ಕೂ ಒಂದು ಮರದ ಮೇಜು, ಕೈಗೆಟಕುವಂತೆ ನಲ್ಲಿ. ತಿಂಗಳುಗಳ ಮೊದಲೇ ಕಾಯ್ದಿರಿಸದಿದ್ದರೆ ಜಾಗ ಸಿಗುವುದಿಲ್ಲ.

ಮೊದಲ ದಿನ ಮಧ್ಯಾಹ್ನ ಉಷ್ಣಾಂಶ 30 ಡಿಗ್ರಿ. ಬಾಗಲಕೋಟೆಯಲ್ಲಿ ಆ ಹೊತ್ತಿಗೆ ಪಾದರಸ 40ರ ಆಚೆಗಿರುತ್ತದೆ. ಅಂಥ ಬಿಸಿಲಿನಲ್ಲಿಯೂ ಬೇವಿನ ಮರದ ಕೆಳಗೆ ನಾಲಿಗೆ ಚಾಚಿ ಮಲಗಿ ಸಂಜೆಗೆ ಮೊಲದ ಹಿಂದೆ ಓಡುವ ನಾಯಿಗಳನ್ನು ನೋಡಿದವನು ನಾನು. 30 ಡಿಗ್ರಿ ಯಾವ ಲೆಕ್ಕ ಎಂದುಕೊಂಡು ಹಂಡ್ಯಾನನ್ನು ಡೇರೆಯೊಳಗೆ ಬಿಟ್ಟು, ಬಾಗಿಲ ಜಾಲರಿ ಎಳೆದು, ಮಗಳೊಂದಿಗೆ ಸಾಮಾನು ಇಳಿಸಲು ಹೋದೆ. ಇಪ್ಪತ್ತು ನಿಮಿಷ ಆಗಿರಬೇಕು. ಬಂದು ನೋಡಿದರೆ ನಾಯಿ ನಾಲ್ಕೂ ಕಾಲು ಅಗಲಿಸಿ ನಿಂತಿದೆ, ನಾಲಿಗೆ ತುದಿಯಲ್ಲಿ ಸೌಟಿನಂತೆ ಅಗಲವಾಗಿದೆ, ವಸಡು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ, ಜೊಲ್ಲು ಅಂಟಂಟಾಗಿ ಎಳೆ ಎಳೆಯಾಗಿ ಇಳಿಯುತ್ತಿದೆ. ಥರ್ಮಾಮೀಟರ್ ಇಟ್ಟು ನೋಡಿದೆ. 40.6 ಡಿಗ್ರಿ. ನಾಯಿಯ ಮೈಶಾಖ 39ರ ಆಸುಪಾಸಿನಲ್ಲಿರಬೇಕು, 41 ದಾಟಿದರೆ ಪ್ರಾಣಕ್ಕೇ ಕುತ್ತು. ನಲ್ಲಿಯ ಕೆಳಗೆ ಹಿಡಿದು ಹೊಟ್ಟೆ, ತೊಡೆಯ ಸಂದು, ಕಂಕುಳು, ಪಾದ ಎಲ್ಲಕ್ಕೂ ನೀರು ಸುರಿದು, ಮೇಜಿನ ನೆರಳಿನಲ್ಲಿ ನಿಲ್ಲಿಸಿ ಟವೆಲಿನಿಂದ ಗಾಳಿ ಬೀಸಿದೆವು. ಒದ್ದೆ ಟವೆಲನ್ನು ಮೈಮೇಲೆ ಹೊದಿಸಿ ಬಿಡಬಾರದು. ಅದು ಬೇಗನೆ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಅರ್ಧ ಗಂಟೆಗೆ ಶಾಖ 39.4ಕ್ಕೆ ಇಳಿಯಿತು. ಮಗಳು ನನ್ನ ಮುಖ ನೋಡಲಿಲ್ಲ. ನೋಡುವಂತೆಯೂ ನಾನು ಇರಲಿಲ್ಲ.

ನನ್ನ ತಪ್ಪು ಏನೆಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದವರು ನಾಯಿಯನ್ನು ಕಡಲಿಗೆ ಒಯ್ದಾಗ ಮಾಡುವ ತಪ್ಪು ಇದೇ ಆಗಿರುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಅಷ್ಟಿಷ್ಟು ಬೆವರಿದರೂ ಅದರಿಂದ ಮೈ ತಂಪಾಗದು. ಅದು ತೇಕುತ್ತದೆ. ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಲ ಉಸಿರಾಡುವ ನಾಯಿ ಬಿಸಿಯೇರಿದಾಗ 300 ಸಲದವರೆಗೂ ತೇಕಿ, ನಾಲಿಗೆ ಬಾಯಿ ಮೂಗುಗಳ ತೇವವನ್ನು ಆವಿ ಮಾಡಿ, ಆ ಆವಿಯೊಂದಿಗೆ ಶಾಖವನ್ನು ಹೊರಗೆ ಹಾಕುತ್ತದೆ. ಗಾಳಿ ಒಣಗಿದ್ದರೆ ತೇವ ಬೇಗ ಆರುತ್ತದೆ. ಬೇಸಿಗೆಯಲ್ಲಿ ನಮ್ಮ ಮನೆಯ ಮಣ್ಣಿನ ಗಡಿಗೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದಲ್ಲ, ಅದೇ ಗಡಿಗೆಯನ್ನು ಕಾರವಾರಕ್ಕೆ ಒಯ್ದು ಇಟ್ಟರೆ ನೀರು ಉಗುರುಬೆಚ್ಚಗೇ ಉಳಿಯುತ್ತದೆ. ಗಾಳಿಯಲ್ಲಿ ಮೊದಲೇ ನೀರು ತುಂಬಿಕೊಂಡಿರುವುದರಿಂದ ಗಡಿಗೆಯ ಮೈ ಆರುವುದಿಲ್ಲ. ನಾಯಿಯ ನಾಲಿಗೆಯೂ ಗಡಿಗೆಯೇ. ನಮ್ಮ ಎರೆನಾಡಿನ 40 ಡಿಗ್ರಿಯನ್ನು ತಡೆದುಕೊಂಡ ನಾಯಿ ದ್ವೀಪದ 30 ಡಿಗ್ರಿಯಲ್ಲಿ ಕುಸಿಯಬಹುದು. ಅದರಲ್ಲಿಯೂ ನಾನು ಅದನ್ನು ಬಿಟ್ಟಿದ್ದು ನೈಲಾನಿನ ಡೇರೆಯೊಳಗೆ. ಅಲ್ಲಿ ಅದರ ಉಸಿರಿನ ಆವಿಯೇ ಮತ್ತೆ ಅದರ ಮೂಗಿಗೆ. ಚಕ್ಕಡಿಯ ಕೆಳಗಿನ ನೆರಳಿಗೆ ನಾಲ್ಕೂ ಕಡೆ ತೆರಪಿತ್ತು, ಗಾಳಿಯಾಡುತ್ತಿತ್ತು ಎಂಬುದು ಆಗ ಹೊಳೆಯಿತು. ಅಂದಿನಿಂದ ಡೇರೆ ನಮಗೆ ರಾತ್ರಿಗೆ ಮಾತ್ರ. ಹಗಲಿನಲ್ಲಿ ಎರಡು ಮರಗಳ ನಡುವೆ ತಾಡಪತ್ರಿ ಎತ್ತರಕ್ಕೆ ಕಟ್ಟಿ ಅದರ ಕೆಳಗೆ ನಾಯಿಯೂ ನಾವೂ ಕುಳಿತೆವು.

ಎರಡನೆಯ ದಿನ ನನಗೆ ಸಿಟ್ಟು ಬಂದದ್ದು ಅಲ್ಲಿನ ನಿಯಮಗಳ ಮೇಲೆ. ನಾಯಿ ಬಿಡಾರದಲ್ಲಿರಬಹುದು, ದಾರಿಗಳಲ್ಲಿ ನಡೆಯಬಹುದು, ಆದರೆ ಹಗ್ಗ ಆರು ಅಡಿ ಮೀರಬಾರದು, ಒಂಟಿಯಾಗಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು, ಮತ್ತು ಮರಳಿನ ದಂಡೆಗೆ ಕಾಲಿಡಲೇಬಾರದು. ಕಡಲ ದಂಡೆಗೆ ಬಂದು ದಂಡೆಗೆ ಹೋಗಬಾರದೆಂದರೆ ಏನರ್ಥ ಎಂದು ಗೊಣಗಿದೆ. ಸಂಜೆ ನಾನೊಬ್ಬನೇ ದಂಡೆಯಲ್ಲಿ ನಡೆಯುತ್ತಿದ್ದಾಗ ಮರಳಿನ ದಿಬ್ಬದ ಹತ್ತಿರ ನಾಲ್ಕು ಗೂಟ ನೆಟ್ಟು ಪಟ್ಟಿ ಸುತ್ತಿದ್ದು ಕಂಡಿತು. ಕಡಲಾಮೆಯ ಗೂಡು. ಆ ತೀರಗಳಲ್ಲಿ ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಆಮೆಗಳು ರಾತ್ರಿ ಹತ್ತಿ ಬಂದು ಒಂದೊಂದು ಗೂಡಿನಲ್ಲಿ ನೂರರ ಸುಮಾರಿಗೆ ಮೊಟ್ಟೆಯಿಟ್ಟು ಹೋಗುತ್ತವೆ, ಮರಿ ಹೊರಬರಲು ಎರಡು ತಿಂಗಳು ಬೇಕು. ಹಂಡ್ಯಾನಂಥ ನಾಯಿಗೆ ಅದನ್ನು ಬಗೆದು ಹಾಕಲು ಎರಡು ನಿಮಿಷ ಸಾಕು. ನಮ್ಮ ಹೊನ್ನಾವರದ ಕಡೆಯ ದಂಡೆಗಳಲ್ಲಿಯೂ ಆಲಿವ್ ರಿಡ್ಲೆ ಆಮೆಗಳು ಗೂಡು ಮಾಡುತ್ತವೆ. ಅಲ್ಲಿಗೆ ನಾಯಿಯೊಂದಿಗೆ ಹೋಗುವವರು ಇದನ್ನು ಗಮನದಲ್ಲಿಡಬೇಕು. ಗೊಣಗುವುದನ್ನು ನಿಲ್ಲಿಸಿದೆ, ಆದರೂ ಆರು ಅಡಿ ಹಗ್ಗ ತುಸು ಗಿಡ್ಡದ್ದೇ ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಆ ಅಭಿಪ್ರಾಯವನ್ನು ಹಂಡ್ಯಾ ಮರುದಿನವೇ ಸುಳ್ಳು ಮಾಡಲು ನೋಡಿತು. ಪಕ್ಕದ ಬಿಗ್ ಪೈನ್ ದ್ವೀಪದಲ್ಲಿ ಕೀ ಜಿಂಕೆ ಎಂಬ ಗಿಡ್ಡ ಜಿಂಕೆಗಳಿವೆ, ಎತ್ತರದಲ್ಲಿ ಮುಧೋಳ ನಾಯಿಗಿಂತ ಹೆಚ್ಚೇನೂ ಇಲ್ಲ, ಆ ಕೆಲವೇ ದ್ವೀಪಗಳ ಹೊರತು ಲೋಕದಲ್ಲಿ ಬೇರೆಲ್ಲೂ ಇಲ್ಲ. ಐಸ್ ತರಲು ಹೋದಾಗ ರಸ್ತೆಯ ಬದಿಗೆ ಒಂದು ಹೆಣ್ಣು ಜಿಂಕೆ ನಿಂತು ಎಲೆ ಮೇಯುತ್ತಿತ್ತು. ಕಾರಿನ ಗಾಜಿನಾಚೆ ಅದನ್ನು ಕಂಡು ಹಂಡ್ಯಾ ಉಸಿರು ಬಿಗಿಹಿಡಿದು, ಮೈಯೆಲ್ಲ ತಂತಿಯಂತೆ ಬಿಗಿದು ಸಣ್ಣಗೆ ನಡುಗುತ್ತ ನಿಂತಿತು. ವರ್ಷಗಟ್ಟಲೆ ಓಟದ ಅಂಗಳದಲ್ಲಿ ಯಂತ್ರದ ಮೊಲದ ಹಿಂದೆ ಓಡಿದ ನಾಯಿಗೆ ಅದು ಮೊದಲ ನಿಜವಾದ ಬೇಟೆ ಇರಬೇಕು. 2016ರಲ್ಲಿ ಈ ಜಿಂಕೆಗಳಿಗೆ ಸ್ಕ್ರೂವರ್ಮ್ ನೊಣದ ಹುಳ ಬಿದ್ದು 130ಕ್ಕೂ ಹೆಚ್ಚು ಸತ್ತಿದ್ದವು. ಗಾಯಕ್ಕೆ ಹುಳ ಬೀಳುವುದು, ಟರ್ಪೆಂಟೈನ್ ಎಣ್ಣೆ ಹಾಕಿ ಒಂದೊಂದೇ ಹುಳ ತೆಗೆಯುವುದು ನಮ್ಮ ರೈತರಿಗೆ ನಿತ್ಯದ ಮಾತು. ಅಲ್ಲಿ ಹುಳ ಬಿದ್ದದ್ದು ಆ ನೊಣದ ಅಮೆರಿಕದ ದಾಯಾದಿಯಿಂದ. ಸಂತಾನಶಕ್ತಿಯಿಲ್ಲದ ಗಂಡು ನೊಣಗಳನ್ನು ಕೋಟಿಗಟ್ಟಲೆ ಬಿಟ್ಟು 2017ರ ವಸಂತದ ಹೊತ್ತಿಗೆ ಅದನ್ನು ನಿರ್ಮೂಲ ಮಾಡಿದರು. ಆ ತಿಂಗಳುಗಳಲ್ಲಿ ದ್ವೀಪಗಳಿಂದ ಹೊರಹೋಗುವ ನಾಯಿಗಳನ್ನೆಲ್ಲ ಹೆದ್ದಾರಿಯಲ್ಲೇ ನಿಲ್ಲಿಸಿ ಗಾಯಗಳಿವೆಯೇ ಎಂದು ಪರೀಕ್ಷಿಸುತ್ತಿದ್ದರು. ಪಶುವೈದ್ಯನಾದ ನನಗೆ ಹವಳಕ್ಕಿಂತ ಹೆಚ್ಚು ರುಚಿಸಿದ ಕಥೆ ಇದು.

ದಂಡೆಯ ಬಿಡಾರದಲ್ಲಿ ನಾಯಿಗೆ ಎದುರಾಗುವ ಉಳಿದ ಅಪಾಯಗಳನ್ನು ಬೇಗನೆ ಹೇಳಿಬಿಡುತ್ತೇನೆ. ಬಾಯಾರಿದ ನಾಯಿ ಕಡಲ ನೀರು ಕುಡಿಯುತ್ತದೆ. ಲೀಟರಿಗೆ 35 ಗ್ರಾಂ ಉಪ್ಪು ಇರುವ ನೀರದು, ವಾಂತಿ ಭೇದಿ ಖಂಡಿತ, ಹೆಚ್ಚಾದರೆ ನಡುಕ ಮತ್ತು ಸೆಳೆತ. ಆದ್ದರಿಂದ ಸಿಹಿನೀರಿನ ಬೋಗುಣಿ ಸದಾ ಮುಂದಿರಬೇಕು. ಮರಳಿನ ಬಿಸಿಯನ್ನು ನಮ್ಮ ಅಂಗೈಯ ಹಿಂಬದಿಯಿಂದ ನೋಡಬೇಕು. ಐದಾರು ಸೆಕೆಂಡು ಇಡಲಾಗದಿದ್ದರೆ ಅದರ ಪಾದಕ್ಕೂ ಆಗದು. ದಂಡೆಗೆ ಬಂದು ಬಿದ್ದ ನೀಲಿ ಬಲೂನಿನಂಥ ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಎಂಬ ಜೀವಿ ಸತ್ತ ಮೇಲೂ ಕುಟುಕುತ್ತದೆ, ನಾಯಿಯ ಮೂಗು ಮೊದಲು ಹೋಗುವುದು ಅಲ್ಲಿಗೇ. ಕೆರೀಬಿಯನ್ ದಂಡೆಗಳಲ್ಲಿ ಮ್ಯಾಂಚಿನೀಲ್ ಎಂಬ ಮರವಿದೆ, ನಮ್ಮ ಹೊಲದ ಬದುವಿನ ಕಳ್ಳಿ ಮತ್ತು ಔಡಲದ ಕುಟುಂಬದ್ದೇ; ಅದರ ಹಾಲು ಎಷ್ಟು ಉರಿಯೆಂದರೆ ಮಳೆಯಲ್ಲಿ ಅದರ ಕೆಳಗೆ ನಿಂತರೆ ಹನಿಯೊಂದಿಗೆ ಇಳಿದ ರಸವೇ ಚರ್ಮದ ಮೇಲೆ ಗುಳ್ಳೆ ಎಬ್ಬಿಸುತ್ತದೆ. ಸೊಳ್ಳೆಯಿಂದ ಹರಡುವ ಹೃದಯದ ಹುಳಕ್ಕೆ ಪ್ರತಿ ತಿಂಗಳ ಮಾತ್ರೆ ತಪ್ಪಬಾರದು.

ಮೂರನೆಯ ಸಂಜೆ ನಡೆದದ್ದನ್ನು ಹೇಳದಿದ್ದರೆ ಮಗಳು ಒಪ್ಪಲಾರಳು. ಹಂಡ್ಯಾನ ಹಗ್ಗವನ್ನು ಒಂದು ಗಳಿಗೆ ಡೇರೆಯ ಮೂಲೆಯ ಗೂಟಕ್ಕೆ ಸಿಕ್ಕಿಸಿ ಕೈ ತೊಳೆಯಲು ಬಗ್ಗಿದೆ. ಪೊದೆಯಿಂದ ನಮ್ಮ ಉಡದಂತೆ ಕಾಣುವ, ಮೊಳದುದ್ದದ ಹಸಿರು ಇಗ್ವಾನಾ ಒಂದು ಓಡಿತು. ಗೂಟ ಎದ್ದಿತು, ಡೇರೆ ಮಗುಚಿತು, ಒಳಗಿದ್ದ ಅವಲಕ್ಕಿ ಚೂಡಾ ಡಬ್ಬಿ ಉರುಳಿ ಮರಳಿನ ಪಾಲಾಯಿತು. ರಾತ್ರಿ ರಕೂನ್ ಎಂಬ ಕಾಡುಪ್ರಾಣಿಗಳು ಬಂದು ಅದನ್ನು ಒಂದು ಕಾಳೂ ಬಿಡದಂತೆ ಆರಿಸಿ ತಿಂದವು.

ಇಷ್ಟೆಲ್ಲ ಕೇಳಿದ ಮುಧೋಳದ ಯುವಕ ಲಕ್ಷದ್ವೀಪದ ಯೋಚನೆ ಬಿಟ್ಟು, ಡಿಸೆಂಬರಿನಲ್ಲಿ ಕಾರವಾರದ ಕಡೆ ಪರಿಚಯದವರ ತೆಂಗಿನ ತೋಟದಲ್ಲಿ ಎರಡು ರಾತ್ರಿ ಡೇರೆ ಹಾಕಿದ. ಎತ್ತರದಲ್ಲಿ ತಾಡಪತ್ರಿ, ಎರಡು ಕೊಡ ಸಿಹಿನೀರು, ಮಲಗಲು ಒದ್ದೆ ಗೋಣಿಚೀಲ ಎಂದು ನಾನು ಬರೆಸಿದ್ದನ್ನೆಲ್ಲ ಒಯ್ದಿದ್ದ. ತಿರುಗಿ ಬಂದ ಮೇಲೆ ಫೋನ್ ಮಾಡಿ, ನೀರು ಕುಡಿಯಿತು, ನೆರಳಿಗೂ ಬಂದಿತು, ಆದರೆ ನಿಮ್ಮ ಗೋಣಿಚೀಲವನ್ನು ಮೂಸಿಯೂ ನೋಡಲಿಲ್ಲ ಸರ್, ತೆಂಗಿನ ಮರದ ಬುಡದಲ್ಲಿ ಹಸಿ ಮಣ್ಣು ಹತ್ತುವ ತನಕ ತಾನೇ ತಗ್ಗು ತೋಡಿಕೊಂಡು ಅದರಲ್ಲಿ ಹೊಟ್ಟೆ ಊರಿ ಮಲಗಿತು ಎಂದ.

ನಮಸ್ಕಾರ.