ಸಮಬಲಕ್ಕೆ ಒಪ್ಪಿಕೊಂಡ ಕೋಚ್

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನವೆಂಬರ್ 19. ಕ್ಯಾಲೆಂಡರಿನ ಕೆಲವು ದಿನಗಳಲ್ಲಿ ನೆನಪುಗಳು ಗುಂಪುಗುಂಪಾಗಿ ಬಂದು ಕೂತಿರುತ್ತವೆ. 1863ರ ಇದೇ ದಿನ ಅಬ್ರಹಾಂ ಲಿಂಕನ್ ಗೆಟ್ಟಿಸ್‌ಬರ್ಗ್‌ನಲ್ಲಿ ತಮ್ಮ ಪುಟ್ಟ ಭಾಷಣ ಮಾಡಿದರು. 1917ರ ಇದೇ ದಿನ ಇಂದಿರಾ ಗಾಂಧಿ ಹುಟ್ಟಿದರು. 1969ರ ಇದೇ ದಿನ ಅಪೊಲೊ 12 ಚಂದ್ರನ ಮೇಲಿಳಿಯಿತು. ಅದೇ ದಿನ ರಿಯೊ ನಗರದ ಮರಕಾನಾ ಮೈದಾನದಲ್ಲಿ ಪೆಲೆ ಒಂದು ಪೆನಾಲ್ಟಿ ಒದ್ದು, ತಮ್ಮ ಲೆಕ್ಕದ ಸಾವಿರದ ಗೋಲನ್ನು ಮುಟ್ಟಿದರು. 2023ರ ಇದೇ ದಿನ ಅಹಮದಾಬಾದಿನಲ್ಲಿ ಏನಾಯಿತು ಎಂದು ನಿಮಗೆ ನಾನು ನೆನಪಿಸಬೇಕಾಗಿಲ್ಲ.

ನಾನು ಮಾತಾಡಬೇಕೆಂದಿರುವುದು ಇವೆರಡು ತುದಿಗಳ ನಡುವಿನ ಒಂದು ಶನಿವಾರದ ಬಗ್ಗೆ. 1966ರ ನವೆಂಬರ್ 19. ಅಮೆರಿಕದ ಮಿಶಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್ ಎಂಬ ಊರು. ಎರಡು ಕಾಲೇಜು ತಂಡಗಳ ನಡುವೆ ಅವರ ಬಗೆಯ ಫುಟ್‌ಬಾಲ್ ಪಂದ್ಯ. ಕೊನೆಯ ಒಂದು ನಿಮಿಷದಲ್ಲಿ ಒಬ್ಬ ಕೋಚ್ ತೆಗೆದುಕೊಂಡ ನಿರ್ಧಾರವನ್ನು ಆ ದೇಶದವರು ಇನ್ನೂ ಚರ್ಚಿಸುತ್ತಲೇ ಇದ್ದಾರೆ. 2026ಕ್ಕೆ ಅದಕ್ಕೆ ಅರವತ್ತು ವರ್ಷ.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ ಆಟ. ಕಬಡ್ಡಿಯ ಹಾಗೆ ಇಲ್ಲೂ ಜಗಳ ನೆಲಕ್ಕಾಗಿ, ಗೆರೆಗಾಗಿ. ನೂರು ಗಜದ ಮೈದಾನ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಆಗದಿದ್ದರೆ ಚೆಂಡು ಎದುರಾಳಿಗೆ. ಆ ತುದಿಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಅದಾದ ಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಒದೆಯುವ ಬದಲು ಮತ್ತೊಮ್ಮೆ ಗೆರೆ ದಾಟಿದರೆ ಎರಡು. ಈ ಎರಡರ ಅವಕಾಶ ಕಾಲೇಜು ಆಟಕ್ಕೆ ಬಂದದ್ದು 1958ರಲ್ಲಿ. ಗೆರೆ ದಾಟಲಾಗದೆ ದೂರದಿಂದಲೇ ಒದ್ದರೆ ಮೂರು ಅಂಕ, ಅದು ಫೀಲ್ಡ್ ಗೋಲ್.

ಪ್ರತಿ ಪ್ರಯತ್ನದ ನಂತರ ಆಟ ನಿಲ್ಲುತ್ತದೆ. ಮುಂದಿನದು ಓಟವೋ ಎಸೆತವೋ, ಯಾರ ಕೈಗೆ ಚೆಂಡು, ಎಡಕ್ಕೋ ಬಲಕ್ಕೋ ಎಂದು ಯಾರಾದರೂ ಹೇಳಬೇಕು. ಅದನ್ನು ಪ್ಲೇ ಕಾಲಿಂಗ್ ಎನ್ನುತ್ತಾರೆ. ಒಂದು ಪಂದ್ಯದಲ್ಲಿ ಇಂಥ ನೂರಾರು ನಿರ್ಧಾರಗಳು. ಅವುಗಳಲ್ಲಿ ಜನ ನೆನಪಿಟ್ಟುಕೊಳ್ಳುವುದು ಒಂದನ್ನೋ ಎರಡನ್ನೋ.

ಆ ದಿನ ಎದುರುಬದುರಾದದ್ದು ನೋಟರ್ ಡೇಮ್ ಮತ್ತು ಮಿಶಿಗನ್ ಸ್ಟೇಟ್. ಒಂದು ದೇಶದಲ್ಲೇ ಮೊದಲ ಸ್ಥಾನದ ತಂಡ, ಇನ್ನೊಂದು ಎರಡನೆಯದು. ಎರಡೂ ಆ ವರ್ಷ ಒಂದು ಪಂದ್ಯವನ್ನೂ ಬಿಟ್ಟುಕೊಟ್ಟಿರಲಿಲ್ಲ. ಮೈದಾನದಲ್ಲಿ 80 ಸಾವಿರ ಜನ. ನೋಟರ್ ಡೇಮ್‌ನ ಕೋಚ್ ಆರಾ ಪಾರ್ಸೀಗಿಯನ್, ಮಿಶಿಗನ್ ಸ್ಟೇಟಿನ ಕೋಚ್ ಡಫಿ ಡಾಹರ್ಟಿ.

ನೋಟರ್ ಡೇಮ್‌ಗೆ ಕೇಡು ಮೈದಾನಕ್ಕೆ ಇಳಿಯುವ ಮೊದಲೇ ಶುರುವಾಯಿತು. ಅವರ ಮುಖ್ಯ ಓಟಗಾರ ನಿಕ್ ಎಡ್ಡಿ ಊರಿಗೆ ಬಂದಿಳಿಯುವಾಗ ರೈಲಿನ ಮೆಟ್ಟಿಲ ಮೇಲೆ ಜಾರಿ ಭುಜಕ್ಕೆ ಪೆಟ್ಟು ಮಾಡಿಕೊಂಡರು. ಪಂದ್ಯ ಆರಂಭವಾಗಿ ಸ್ವಲ್ಪ ಹೊತ್ತಿಗೆ ಕ್ವಾರ್ಟರ್‌ಬ್ಯಾಕ್ ಟೆರಿ ಹ್ಯಾನ್‌ರಟ್ಟಿ, ಅಂದರೆ ಚೆಂಡು ಎಸೆಯುವ, ಇಡೀ ದಾಳಿಯನ್ನು ನಡೆಸುವ ಆಟಗಾರ, ಬಬ್ಬಾ ಸ್ಮಿತ್ ಎಂಬ ದೈತ್ಯನ ಕೆಳಗೆ ಸಿಕ್ಕಿ ಭುಜ ಕಳಚಿಕೊಂಡು ಹೊರಬಿದ್ದರು. ಅವರ ಜಾಗಕ್ಕೆ ಬಂದವರು ಕೋಲಿ ಓಬ್ರಿಯನ್. ಆ ಹುಡುಗನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಆಗಷ್ಟೇ ಗೊತ್ತಾಗಿತ್ತು. ಇನ್ಸುಲಿನ್ ಚುಚ್ಚಿಸಿಕೊಂಡು ಆಡುತ್ತಿದ್ದ.

ಮಿಶಿಗನ್ ಸ್ಟೇಟ್ 10-0 ಮುಂದೆ ಹೋಯಿತು. ಅದರಲ್ಲಿ ಮೂರು ಅಂಕ ಬಂದದ್ದು ಹವಾಯಿಯಿಂದ ಬಂದ ಡಿಕ್ ಕೆನಿ 47 ಗಜ ದೂರದಿಂದ ಬರಿಗಾಲಲ್ಲಿ ಒದ್ದ ಚೆಂಡಿನಿಂದ. ಈ 47 ಗಜವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಓಬ್ರಿಯನ್ ಎದೆಗುಂದಲಿಲ್ಲ. 34 ಗಜದ ಒಂದು ಎಸೆತದಿಂದ ಬಾಬ್ ಗ್ಲ್ಯಾಡ್ಯೂ ಟಚ್‌ಡೌನ್ ಮಾಡಿದರು. ಕೊನೆಯ ಕಾಲು ಭಾಗದ ಆರಂಭದಲ್ಲಿ ಜೋ ಅಜ್ಜಾರೋ ಒದ್ದ ಫೀಲ್ಡ್ ಗೋಲಿನಿಂದ 10-10. ಆಮೇಲೆ ಅಜ್ಜಾರೋ 41 ಗಜದಿಂದ ಇನ್ನೊಂದು ಒದ್ದರು. ಅದು ಸ್ವಲ್ಪದರಲ್ಲಿ ಹೊರಗೆ ಹೋಯಿತು.

ಕೊನೆಗೆ ಬಂತು ಆ ಗಳಿಗೆ. ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಮಯ ಉಳಿದಿದೆ. ಚೆಂಡು ನೋಟರ್ ಡೇಮ್ ಕೈಯಲ್ಲಿ, ತಮ್ಮದೇ 30 ಗಜದ ಗೆರೆಯ ಹತ್ತಿರ. ಎಲ್ಲರೂ ಎಸೆತಕ್ಕಾಗಿ ಕಾಯುತ್ತಿದ್ದಾರೆ. ಪಾರ್ಸೀಗಿಯನ್ ಓಟ ಹೇಳಿದರು. ಮತ್ತೆ ಓಟ. ಮತ್ತೂ ಓಟ. ಎದುರಿನ ಆಟಗಾರರು ಕೂಗಿ ಕೆಣಕಿದರು, ಗ್ಯಾಲರಿ ಹೀಯಾಳಿಸಿತು. ಗಡಿಯಾರ ಓಡಿ ಮುಗಿಯಿತು. ಪಂದ್ಯ ಸಮಬಲ.

ಮರುದಿನದಿಂದ ಶುರುವಾದ ಬೈಗುಳ ನಿಲ್ಲಲೇ ಇಲ್ಲ. ಗೆಲ್ಲಲು ಹೆದರಿದ ಕೋಚ್ ಎಂದರು. ನೋಟರ್ ಡೇಮ್‌ನ ಹೆಸರಿಗೆ ಮಸಿ ಎಂದರು. ಅಷ್ಟು ಕಷ್ಟಪಟ್ಟು ಹಿಂದಿನಿಂದ ಬಂದು ಸಮ ಮಾಡಿಕೊಂಡ ಹುಡುಗರ ಶ್ರಮವನ್ನು ಅಗ್ಗಕ್ಕೆ ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ ಎಂದು ಪಾರ್ಸೀಗಿಯನ್ ಉತ್ತರ ಕೊಟ್ಟರು. ಬದುಕಿರುವವರೆಗೂ ಅವರಿಗೆ ಈ ಪ್ರಶ್ನೆ ತಪ್ಪಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಪಾರ್ಸೀಗಿಯನ್ ತಪ್ಪು ಮಾಡಲಿಲ್ಲ. ಅವರ ಜಾಗದಲ್ಲಿ ನಿಂತು ನೋಡಿ. ಮುಖ್ಯ ಆಟಗಾರರು ಹೊರಗೆ. ಚೆಂಡು ಎಸೆಯಬೇಕಾದ ಹುಡುಗ ಕಾಯಿಲೆಯಲ್ಲಿ ಬಸವಳಿದಿದ್ದಾನೆ, ಅವನ ಎಸೆತಗಳು ಗುರಿ ತಪ್ಪುತ್ತಿವೆ. ಒಂದು ಎಸೆತ ಎದುರಾಳಿಯ ಕೈ ಸೇರಿದರೆ, ಅಲ್ಲಿ ಬರಿಗಾಲಲ್ಲಿ 47 ಗಜ ಒದೆಯುವವನು ಕಾದಿದ್ದಾನೆ. ಇನ್ನೊಂದು ವಿಷಯವನ್ನು ಟೀಕಾಕಾರರು ಹೇಳುವುದಿಲ್ಲ. ಆ ಕೊನೆಯ ಸರಣಿಯಲ್ಲಿ ನೋಟರ್ ಡೇಮ್‌ಗೆ ನಾಲ್ಕನೆಯ ಅವಕಾಶದಲ್ಲಿ ಇನ್ನೊಂದು ಗಜ ಬೇಕಾಗಿತ್ತು. ಚೆಂಡನ್ನು ದೂರ ಒದ್ದು ಕೈತೊಳೆದುಕೊಳ್ಳಬಹುದಿತ್ತು. ಪಾರ್ಸೀಗಿಯನ್ ಹಾಗೆ ಮಾಡಲಿಲ್ಲ. ಓಬ್ರಿಯನ್ ಮುನ್ನುಗ್ಗಿ ಆ ಗಜ ಗಳಿಸಿದ. ಅಲ್ಲಿ ಎಡವಿದ್ದರೆ ಪಂದ್ಯ ಕೈತಪ್ಪುವ ಸಾಧ್ಯತೆ ಇತ್ತು. ಅದರ ನಂತರ ಒಂದು ಎಸೆತಕ್ಕೂ ಪ್ರಯತ್ನಿಸಿದರು. ಬಬ್ಬಾ ಸ್ಮಿತ್ ಬಂದು ಓಬ್ರಿಯನ್‌ನನ್ನು ಕೆಡವಿದ. ಅದಕ್ಕೂ ಸ್ವಲ್ಪ ಮೊದಲು ಡಾಹರ್ಟಿ ಕೂಡ ನಾಲ್ಕನೆಯ ಅವಕಾಶದಲ್ಲಿ ಗೆಲುವಿಗೆ ಹೋಗದೆ ಚೆಂಡು ಒದೆಸಿದ್ದರು. ಅವರನ್ನು ಯಾರೂ ಹೇಡಿ ಎನ್ನಲಿಲ್ಲ.

ಆಗ ಕಾಲೇಜು ಆಟದಲ್ಲಿ ಹೆಚ್ಚುವರಿ ಸಮಯ ಇರಲಿಲ್ಲ. ಎಲ್ಲ ಪಂದ್ಯಗಳಿಗೂ ಅದು ಬಂದದ್ದು 1996ರಲ್ಲಿ. ಫೈನಲ್ ಎಂಬುದೂ ಇರಲಿಲ್ಲ. ಪತ್ರಕರ್ತರೂ ಕೋಚ್‌ಗಳೂ ಮತ ಹಾಕಿ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುತ್ತಿದ್ದರು. ನೋಟರ್ ಡೇಮ್‌ಗೆ ಇನ್ನೊಂದು ಪಂದ್ಯ ಉಳಿದಿತ್ತು. ಮುಂದಿನ ವಾರ ಲಾಸ್ ಏಂಜಲಿಸ್‌ಗೆ ಹೋಗಿ ಸದರ್ನ್ ಕ್ಯಾಲಿಫೋರ್ನಿಯಾವನ್ನು 51-0 ಅಂತರದಲ್ಲಿ ಸೋಲಿಸಿದರು, ಚಾಂಪಿಯನ್ ಆದರು. ಮಿಶಿಗನ್ ಸ್ಟೇಟಿನ ವರ್ಷ ಮಾತ್ರ ಆ ಶನಿವಾರವೇ ಮುಗಿಯಿತು. ಸತತ ಎರಡು ವರ್ಷ ಒಂದೇ ತಂಡ ವರ್ಷದ ಕೊನೆಯ ಪ್ರತಿಷ್ಠೆಯ ಪಂದ್ಯವಾದ ರೋಸ್ ಬೌಲ್‌ಗೆ ಹೋಗಬಾರದೆಂಬ ಅವರ ಒಕ್ಕೂಟದ ನಿಯಮ ಅವರನ್ನು ಕಟ್ಟಿಹಾಕಿತ್ತು. ಆ ಹುಡುಗರ ಸಂಕಟ ನಿಜವಾದದ್ದು. ಅದರ ಹೊಣೆಯನ್ನು ಒಂದು ನಿಮಿಷದ ಓಟಗಳ ಮೇಲೆ ಹೊರಿಸುವುದು ನ್ಯಾಯವಲ್ಲ.

ಇದಕ್ಕೆ ತದ್ವಿರುದ್ಧವಾದ ಕಥೆಯೊಂದಿದೆ. 1984ರ ಜನವರಿ 2, ಅಂಥದೇ ಇನ್ನೊಂದು ಪಂದ್ಯ, ಮಯಾಮಿಯ ಆರೆಂಜ್ ಬೌಲ್. ಟಾಮ್ ಆಸ್‌ಬೋರ್ನ್ ಅವರ ನೆಬ್ರಾಸ್ಕಾ ತಂಡ ಹನ್ನೆರಡಕ್ಕೆ ಹನ್ನೆರಡೂ ಗೆದ್ದು ಬಂದಿತ್ತು. ಕೊನೆಗೆ 48 ಸೆಕೆಂಡು ಇರುವಾಗ ಟಚ್‌ಡೌನ್ ಮಾಡಿ ಎದುರಾಳಿ ಮಯಾಮಿ ತಂಡದ ಮುನ್ನಡೆಯನ್ನು 31-30ಕ್ಕೆ ಇಳಿಸಿದರು. ಒಂದು ಒದೆತ ಸಾಕು, ಸಮಬಲ. ಮತದಾರರು ಅವರಿಗೇ ಪಟ್ಟ ಕಟ್ಟುವ ಎಲ್ಲ ಸಾಧ್ಯತೆಯೂ ಇತ್ತು. ಆಸ್‌ಬೋರ್ನ್ ಎರಡು ಅಂಕಕ್ಕೆ ಹೋದರು. ಟರ್ನರ್ ಗಿಲ್ ಎಸೆದ ಚೆಂಡು ಜೆಫ್ ಸ್ಮಿತ್ ಕಡೆ ಹೋಗುತ್ತಿರುವಾಗ ಮಯಾಮಿಯ ಕೆನಿ ಕ್ಯಾಲ್‌ಹೂನ್ ಬೆರಳು ತಾಗಿಸಿದರು. ಮುಗಿಯಿತು. ಮಯಾಮಿ ಚಾಂಪಿಯನ್.

ಆಸ್‌ಬೋರ್ನ್ ಅವರನ್ನು ಇಂದಿಗೂ ಆ ದೇಶ ಗೌರವದಿಂದ ನೆನೆಯುತ್ತದೆ. ನನಗೂ ಆ ನಿರ್ಧಾರ ಕೇಳಿದರೆ ರೋಮಾಂಚನವಾಗುತ್ತದೆ. ಆದರೆ ಸಂದರ್ಭ ಬೇರೆ ಎಂಬುದನ್ನು ಮರೆಯಬಾರದು. ಆಸ್‌ಬೋರ್ನ್‌ಗೆ ಗೆರೆಯಿಂದ ಮೂರೇ ಗಜ ಬೇಕಿತ್ತು, ಚೆಂಡು ಎಸೆಯಲು ಗಿಲ್‌ನಂಥ ಆಟಗಾರ ಇದ್ದ, ಅದು ವರ್ಷದ ಕಟ್ಟಕಡೆಯ ಪಂದ್ಯ. ಪಾರ್ಸೀಗಿಯನ್ ಮುಂದೆ ಇದ್ದದ್ದು 70 ಗಜದ ಬಯಲು.

ಧೈರ್ಯವನ್ನು ಬೇಡುವವರು ಸಾಮಾನ್ಯವಾಗಿ ಗ್ಯಾಲರಿಯಲ್ಲಿರುತ್ತಾರೆ. ಅಹಮದಾಬಾದಿನ ಆ ಫೈನಲ್ ನೆನಪಿಸಿಕೊಳ್ಳಿ. 81 ರನ್ನಿಗೆ ಮೂರು ವಿಕೆಟ್ ಹೋದಾಗ ನಮ್ಮ ಕೆ.ಎಲ್. ರಾಹುಲ್ ಬಂದರು. 107 ಎಸೆತಗಳಲ್ಲಿ 66 ರನ್, ಒಂದೇ ಒಂದು ಬೌಂಡರಿ. ಭಾರತ 240ಕ್ಕೆ ನಿಂತಿತು. ಟ್ರಾವಿಸ್ ಹೆಡ್ 137 ಹೊಡೆದು ಕಪ್ಪನ್ನು ಆಸ್ಟ್ರೇಲಿಯಕ್ಕೆ ಒಯ್ದರು. ಆ ರಾತ್ರಿಯಿಂದ ರಾಹುಲ್ ಮೇಲೆ ಸುರಿದ ಮಾತು ಇಲ್ಲೇ ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ನಾವೆಲ್ಲ ಕೇಳಿದ್ದೇವೆ. ಒಣಗಿದ ನಿಧಾನದ ಪಿಚ್, ಹಿಂದೆ ಉಳಿದಿದ್ದ ಬ್ಯಾಟಿಂಗ್ ಎಷ್ಟು, ಕಮಿನ್ಸ್ ಟಾಸ್ ಗೆದ್ದೂ ಬೌಲಿಂಗ್ ಆಯ್ದುಕೊಂಡು ಹೂಡಿದ್ದ ಲೆಕ್ಕ ಯಾವುದು ಎಂದು ಯೋಚಿಸಿದವರು ಕಡಿಮೆ. ಇನ್ನೂ ಸ್ವಲ್ಪ ಕೈ ಬಿಚ್ಚಬಹುದಿತ್ತು ಎಂದು ನನಗೂ ಅನ್ನಿಸುತ್ತದೆ. ಆದರೆ ಅಂಜುಬುರುಕುತನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಪಾರ್ಸೀಗಿಯನ್ ಅಂಜುವ ಮನುಷ್ಯ ಅಲ್ಲ ಎಂಬುದಕ್ಕೆ ಸಾಕ್ಷಿ ಏಳು ವರ್ಷಗಳ ನಂತರ ಸಿಕ್ಕಿತು. 1973ರ ಡಿಸೆಂಬರ್ 31. ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್. ನೋಟರ್ ಡೇಮ್ ಮತ್ತು ಬೇರ್ ಬ್ರಯಂಟ್ ಅವರ ಅಲಬಾಮಾ, ಎರಡೂ ಆ ವರ್ಷ ಸೋಲರಿಯದ ತಂಡಗಳು. ನೋಟರ್ ಡೇಮ್ 24, ಅಲಬಾಮಾ 23. ಅಲಬಾಮಾ ಚೆಂಡನ್ನು ಒದ್ದು ನೋಟರ್ ಡೇಮನ್ನು ಅದರದೇ ಗೆರೆಯ ಬಾಯಿಗೆ ತಳ್ಳಿತ್ತು. ಮೂರನೆಯ ಅವಕಾಶ. ಹಿಂದೆ ತಮ್ಮದೇ ಎಂಡ್ ಝೋನ್, ಅಂದರೆ ತುದಿಯ ಗೆರೆಯ ಆಚೆಯ ಜಾಗ. ಅಲ್ಲಿ ಸಿಕ್ಕಿಬಿದ್ದರೆ ಎದುರಾಳಿಗೆ ಎರಡು ಅಂಕ, 25-24, ಎಲ್ಲ ಮುಗಿದಂತೆ. ಹಾಗೆಂದು ಓಡಿ, ಆಮೇಲೆ ಚೆಂಡು ಒದ್ದರೆ ಅಲಬಾಮಾಕ್ಕೆ ಒಂದು ಫೀಲ್ಡ್ ಗೋಲಿಗೆ ಬೇಕಾದಷ್ಟು ಸಮಯ.

ಪಾರ್ಸೀಗಿಯನ್ ಎಸೆತ ಹೇಳಿದರು. ಟಾಮ್ ಕ್ಲೆಮೆಂಟ್ಸ್ ಓಟದ ನಟನೆ ಮಾಡಿ, ಎಂಡ್ ಝೋನಿನ ಒಳಕ್ಕೆ ಹಿಂದೆ ಸರಿದು, ಚೆಂಡನ್ನು ಉದ್ದಕ್ಕೆ ಬಿಟ್ಟರು. ಹಿಡಿದದ್ದು ರಾಬಿನ್ ವೆಬರ್, ಆ ವರ್ಷ ಎಸೆತಗಳೇ ಹೆಚ್ಚು ಬಾರದ ಬದಲಿ ಆಟಗಾರ. ಅಲಬಾಮಾದವರು ಅವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಸುಮಾರು 35 ಗಜ. ಉಳಿದ ಸಮಯವನ್ನು ನೋಟರ್ ಡೇಮ್ ನಿಶ್ಚಿಂತೆಯಿಂದ ಕಳೆಯಿತು. ಅಲಬಾಮಾದ ಬೆಂಚಿನ ಮುಂದೆಯೇ ವೆಬರ್ ಕೈಗೆ ಬಿದ್ದ ಆ ಚೆಂಡು ಪಾರ್ಸೀಗಿಯನ್ ಅವರಿಗೆ ಎರಡನೆಯ ರಾಷ್ಟ್ರೀಯ ಪಟ್ಟ ತಂದಿತು. 1966ರಲ್ಲಿ ಕೈಯಲ್ಲಿ ಇದ್ದದ್ದು ದಣಿದ ರೋಗಿ ಹುಡುಗ; 1973ರಲ್ಲಿ ನಂಬಿದ್ದ ಗಟ್ಟಿ ಎಸೆತಗಾರ. ಮನುಷ್ಯ ಒಬ್ಬನೇ, ಕೈಯಲ್ಲಿದ್ದ ಸರಕು ಬೇರೆ.

ವಾರ್ಷಿಕೋತ್ಸವಗಳ ಬಗ್ಗೆ ನನಗೊಂದು ತಕರಾರು ಇರುವುದು ಇಲ್ಲೇ. ನವೆಂಬರ್ 19 ಬಂದಾಗಲೆಲ್ಲ ಆ ಕೊನೆಯ ನಿಮಿಷವನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಾರೆ. ಉಳಿದ 59 ನಿಮಿಷ ಮೈದಾನದಲ್ಲಿ ಯಾರಿದ್ದರು ಎಂಬುದು ಮರೆಗೆ ಸರಿಯುತ್ತದೆ.

ಬಬ್ಬಾ ಸ್ಮಿತ್ ಟೆಕ್ಸಾಸ್‌ನ ಬೋಮಾಂಟ್ ಊರಿನವರು. ಜಾರ್ಜ್ ವೆಬ್‌ಸ್ಟರ್ ದಕ್ಷಿಣ ಕೆರೊಲಿನಾದವರು. ಮಿಶಿಗನ್ ಸ್ಟೇಟಿನ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ರೇ ಉತ್ತರ ಕೆರೊಲಿನಾದವರು. ಮೂವರೂ ಕಪ್ಪು ಹುಡುಗರು. ಅವರ ಸ್ವಂತ ಸೀಮೆಯ ದೊಡ್ಡ ವಿಶ್ವವಿದ್ಯಾಲಯದ ತಂಡಗಳು ಆಗ ಕಪ್ಪು ಆಟಗಾರರಿಗೆ ಬಾಗಿಲು ತೆರೆದಿರಲಿಲ್ಲ. ಡಫಿ ಡಾಹರ್ಟಿ ಅವರನ್ನು ಹುಡುಕಿ ಉತ್ತರಕ್ಕೆ ಕರೆತಂದರು. ಆ ವರ್ಷದ ಮಿಶಿಗನ್ ಸ್ಟೇಟ್ ತಂಡದಲ್ಲಿ ಸುಮಾರು ಇಪ್ಪತ್ತು ಕಪ್ಪು ಆಟಗಾರರಿದ್ದರು. ಜಂಟಿ ನಾಯಕರಾದ ವೆಬ್‌ಸ್ಟರ್ ಮತ್ತು ಕ್ಲಿಂಟ್ ಜೋನ್ಸ್ ಇಬ್ಬರೂ ಕಪ್ಪು ಜನಾಂಗದವರು. ಎಲ್ಲ ಮನುಷ್ಯರೂ ಸಮಾನರು ಎಂಬ ಮಾತಿನ ಮೇಲೆ ಈ ದೇಶ ಕಟ್ಟಿದೆ ಎಂದು ಲಿಂಕನ್ ಹೇಳಿದ ದಿನಕ್ಕೆ ಸರಿಯಾಗಿ 103 ವರ್ಷವಾಗಿತ್ತು. ದಕ್ಷಿಣದ ಹುಡುಗನೊಬ್ಬ ಕ್ವಾರ್ಟರ್‌ಬ್ಯಾಕ್ ಆಗಬೇಕಾದರೆ ಆಗಲೂ ಊರು ಬಿಟ್ಟು ಬರಬೇಕಿತ್ತು.

ನೋಟರ್ ಡೇಮ್ ಕಡೆ ಇದ್ದ ಕಪ್ಪು ಆಟಗಾರ ಒಬ್ಬರೇ, ಅಲನ್ ಪೇಜ್. ಆಮೇಲೆ ವೃತ್ತಿಪರ ಆಟದಲ್ಲಿ ಹೆಸರಾದರು. ಆಡುತ್ತಲೇ ಕಾನೂನು ಓದಿದರು. 1993ರಿಂದ 2015ರವರೆಗೆ ಮಿನ್ನೆಸೋಟಾ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದರು.

ಅದೇ 1966ರಲ್ಲಿ ಅಲಬಾಮಾ ಎಲ್ಲ ಪಂದ್ಯಗಳನ್ನೂ ಗೆದ್ದಿತ್ತು, ಆದರೂ ಮತಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ನಿಂತಿತು. ಅದು ಬರೀ ಬಿಳಿಯರ ತಂಡ. ಆ ವಿಶ್ವವಿದ್ಯಾಲಯ ಫುಟ್‌ಬಾಲ್‌ಗಾಗಿ ವಿದ್ಯಾರ್ಥಿವೇತನ ಕೊಟ್ಟು ಕರೆದ ಮೊದಲ ಕಪ್ಪು ಆಟಗಾರ ವಿಲ್ಬರ್ ಜ್ಯಾಕ್ಸನ್. ಅವರು ಸೇರಿದ್ದು 1970ರಲ್ಲಿ. 1973ರ ಡಿಸೆಂಬರ್ 31ರ ರಾತ್ರಿ ನ್ಯೂ ಆರ್ಲಿಯನ್ಸ್‌ನಲ್ಲಿ ಅಲಬಾಮಾ ಪರವಾಗಿ ಚೆಂಡು ಹಿಡಿದು ಓಡಿದವರಲ್ಲಿ ಅವರೂ ಒಬ್ಬರು.

ನಮಸ್ಕಾರ.