ಮಳೆ ಬಂತಾ, ಬರಲಿಲ್ವಾ? ಕಾದಂಬರಿಯ ಕೊನೆ ತೆರೆಗೆ ಬಂದಾಗ

[ದೃಶ್ಯ: ಚಿತ್ರದುರ್ಗದ ಕೋಟೆ, ಬೆಳಗಿನ ಬಿಸಿಲು, ಬಂಡೆಗಳಾಚೆ ಊರು]

ನಮಸ್ಕಾರ. ದುರ್ಗದ ಕೋಟೆ ಹತ್ತಿದವರು "ರಾಮಾಚಾರಿ ಹಾರಿದ್ದು ಎಲ್ಲಿಂದ?" ಅಂತ ಕೇಳೋದು ಹೊಸದಲ್ಲ. ಆದರೆ ನಮ್ಮ ವೀಕ್ಷಕರೊಬ್ಬರು ಕೇಳಿರೋದು ಬೇರೆ: 'ನಾಗರಹಾವು' ಸಿನಿಮಾಗೆ ಆಧಾರವಾದ ಕಾದಂಬರಿ ಮೂರು, ಸಿನಿಮಾ ಒಂದು. ಹಾಗಾದ್ರೆ ಆ ಕೊನೆ ಯಾವ ಪುಸ್ತಕದ್ದು?

ಪುಟ್ಟಣ್ಣ ಕಣಗಾಲ್ 1972ರಲ್ಲಿ ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಮೂರನ್ನೂ ಸೇರಿಸಿ ಒಂದು ಚಿತ್ರ ಮಾಡಿದರು. ಮೂರು ಪುಸ್ತಕಕ್ಕೆ ಮೂರು ಕೊನೆ, ಸಿನಿಮಾಗೆ ಒಂದೇ ಕ್ಲೈಮ್ಯಾಕ್ಸ್. ರಾಮಾಚಾರಿಯ ಮೊದಲ ಪ್ರೀತಿ ಅಲಮೇಲು, ಆ ಎಳೆಯನ್ನ ಮೊದಲೇ ಮುಗಿಸ್ತಾರೆ. ಹೋಟೆಲಿನಲ್ಲಿ ರಾಮಾಚಾರಿಗೆ ಅವಳು ಸಿಗೋ ದೃಶ್ಯ ನೆನಪಿದೆಯಲ್ಲ, ಅದು ಅಲ್ಲಿಗೆ ಮುಗೀತು. ಉಳಿದದ್ದು ಅವನು ಆಮೇಲೆ ಪ್ರೀತಿಸೋ ಮಾರ್ಗರೇಟ್ ಮತ್ತು ಅವನ ಗುರು ಚಾಮಯ್ಯ ಮೇಷ್ಟ್ರು. ಈ ಎರಡು ಎಳೆನೂ ಬೆಟ್ಟದ ಮೇಲೆ ಒಂದೇ ಸನ್ನಿವೇಶದಲ್ಲಿ ಗಂಟು ಹಾಕ್ತಾರೆ. ಮೇಷ್ಟ್ರು ಬೀಳ್ತಾರೆ, ಹಿಂದೆಯೇ ರಾಮಾಚಾರಿ, ಮಾರ್ಗರೇಟ್ ಇಬ್ಬರೂ ಹಾರ್ತಾರೆ. ಅಂದ್ರೆ ಆ ಕೊನೆ ಚಿತ್ರಕಥೆಯ ಲೆಕ್ಕಾಚಾರದ್ದು.

ಸಿನಿಮಾ ನೋಡಿದ ತ.ರಾ.ಸು. "ನಾಗರಹಾವನ್ನ ಕೇರೆಹಾವು ಮಾಡಿದ್ದಾರೆ" ಅಂದ್ರಂತೆ ಅನ್ನೋ ಮಾತು ಇವತ್ತಿಗೂ ಓಡಾಡುತ್ತೆ. ಆ ಮಾತಲ್ಲಿ ತೂಕ ಇದೆ ಅನ್ನೋದು ನಮ್ಮ ಅಭಿಪ್ರಾಯ. ಪುಟಗಟ್ಟಲೆ ಒಳಗೊಳಗೇ ಕುದಿಯೋ ಸಿಟ್ಟಿಗೆ ತೆರೆ ಮೇಲೆ ಸಿಗೋದು ಒಂದು ಮುಖ, ಒಂದು ಕೂಗು. ಆದ್ರೆ ಕಳೆದುಹೋಗೋದು ಏನು ಅಂತ ಸರಿಯಾಗಿ ಕಾಣಬೇಕಾದ್ರೆ ಇನ್ನೊಂದು ಕಾದಂಬರಿಗೆ ಹೋಗಬೇಕು.

[ದೃಶ್ಯ: ಒಣಗಿದ ಹೊಳೆ, ಮೊಣಕಾಲುದ್ದದ ನೀರಿನ ಗುಂಡಿ]

ಮೈಸೂರಿನಲ್ಲಿದ್ದ ಆರ್. ಕೆ. ನಾರಾಯಣ್ ಅವರ 'ದಿ ಗೈಡ್', 1958. ಬರಗಾಲ. ಜನ ಸ್ವಾಮೀಜಿ ಅಂತ ನಂಬಿರೋ ರಾಜು ಮಳೆಗಾಗಿ ಉಪವಾಸ ಕೂತಿದ್ದಾನೆ. ಕೊನೆಯಲ್ಲಿ ಅವನನ್ನ ಹಿಡ್ಕೊಂಡು ನೀರಿಗೆ ಇಳಿಸ್ತಾರೆ. ಬೆಟ್ಟದಲ್ಲಿ ಮಳೆ ಬರ್ತಿದೆ, ಅದು ನನ್ನ ಪಾದದಡಿಯಿಂದ ಕಾಲಿಗೆ ಏರಿ ಬರ್ತಿದೆ ಅಂತಾನೆ, ಕುಸೀತಾನೆ. ಪುಸ್ತಕ ಮುಗೀತು. ಮಳೆ ಬಂತಾ? ಹೇಳಲ್ಲ. ಸತ್ತನಾ? ಅದೂ ಹೇಳಲ್ಲ.

ಇಲ್ಲೊಂದು ಸೊಗಸು ನೋಡ್ರಿ. ಆ ಕೊನೆಯ ಪುಟಗಳಲ್ಲಿ ಒಂದು ಕ್ಯಾಮೆರಾನೇ ಇದೆ! ಉಪವಾಸ ಚಿತ್ರೀಕರಿಸೋಕೆ ಅಮೆರಿಕದಿಂದ ಒಬ್ಬ ಬಂದಿರ್ತಾನೆ. ಜನ, ಜಾತ್ರೆ, ಹೊಳೆ, ಅವನಿಗೆ ಎಲ್ಲಾ ಸಿಗುತ್ತೆ. ಪಾದದಡಿಯ ತಂಪು ಮಾತ್ರ ಯಾವ ಲೆನ್ಸಿಗೂ ಸಿಗಲ್ಲ. ನಾರಾಯಣ್ ತಮ್ಮ ಕೊನೆಯ ಮಾತನ್ನ ಇಟ್ಟಿರೋದು ಅಲ್ಲೇ.

ಈಗ ಇದನ್ನ ಶಾಟ್ ಮಾಡಿ ನೋಡೋಣ. ಮೊದಲು ನೀರಲ್ಲಿ ಪಾದ, ಆಮೇಲೆ ಮುಖ. ಮೂರನೇದಕ್ಕೆ ಆಕಾಶ ತೋರಿಸಿದ್ರೋ, ಕೆಲಸ ಕೆಟ್ಟಿತು: ಮೋಡ ಇದ್ರೆ ಮಳೆ ಗ್ಯಾರಂಟಿ, ಇಲ್ಲದಿದ್ರೆ ಅವನ ಭ್ರಮೆ. ಬರೀ ಗುಡುಗಿನ ಸದ್ದು ಸೇರಿಸಿದ್ರೂ ಅಷ್ಟೇ, ಪ್ರೇಕ್ಷಕನಿಗೆ ಉತ್ತರ ಸಿಕ್ಕಿಬಿಡುತ್ತೆ. ಅನುಮಾನ ಉಳೀಬೇಕಾದ್ರೆ ಮೂರನೇ ಶಾಟು ಅವನನ್ನ ಹಿಡ್ಕೊಂಡಿರೋ ಹಳ್ಳಿಯ ಭಕ್ತ ವೇಲನ್‌ನ ಮುಖದ್ದಾಗಬೇಕು. ಅವನು ಮೇಲೆ ನೋಡಬೇಕು, ನಾವು ನೋಡಬಾರದು. 1965ರ ಹಿಂದಿ 'ಗೈಡ್'ನಲ್ಲಿ ವಿಜಯ್ ಆನಂದ್ ಆ ದಾರಿ ಹಿಡೀಲಿಲ್ಲ. ಮಳೆ ಸುರಿಯುತ್ತೆ, ರಾಜು ಸಾಯ್ತಾನೆ. ಸಾಯೋ ಮುಂಚೆ ಅವನೊಳಗಿನ ವಾದವನ್ನ ಇಬ್ಬರು ದೇವ್ ಆನಂದ್‌ಗಳನ್ನ ಎದುರುಬದುರು ನಿಲ್ಲಿಸಿ ತೋರಿಸ್ತಾರೆ. ಒಳಗಿನ ಮಾತಿಗೆ ಮೈ ಕೊಡೋ ಉಪಾಯ ಅದು.

ಹಾಗಂತ ಆ ಮಳೆ ಸುಳ್ಳು ಅನ್ನೋಕೆ ನಮ್ಮ ಜಿಲ್ಲೆಯವರಿಗೆ ಬಾಯಿ ಬರಲ್ಲ. ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ! ಆ ದಿನ ಕೋಡಿ ನೋಡೋಕೆ ಹೋದವರಿಗೆ ತೆರೆ ಮೇಲೆ ಮಳೆ ಬಿದ್ದಾಗ ಎದೆ ತುಂಬದೇ ಇರುತ್ತಾ? ಆ ಕೊನೆಯಲ್ಲಿ ನೆಮ್ಮದಿ ಇದೆ. ಆದ್ರೆ ಮಳೆ ಬರುತ್ತೋ ಇಲ್ವೋ ಅಂತ ಚಳ್ಳಕೆರೆಯ ಶೇಂಗಾ ಹೊಲದ ಬದುವಿನಲ್ಲಿ ನಿಂತು ಮೋಡ ನೋಡೋ ಸಂಕಟ ಇರೋದು ಪುಸ್ತಕದಲ್ಲಿ. ನಮ್ಮ ಓಟು ಪುಸ್ತಕಕ್ಕೆ.

[ದೃಶ್ಯ: ಪುಸ್ತಕದ ರಾಶಿ, ಪುಟಗಳು ಬೇಗ ಮಗುಚುತ್ತವೆ]

ಸಮಯ ಕಮ್ಮಿ ಇದೆ, ಉಳಿದವು ಬೇಗ ಬೇಗ. 'ಫಸ್ಟ್ ಬ್ಲಡ್' ಕಾದಂಬರಿಯಲ್ಲಿ ರ‍್ಯಾಂಬೋ ಸಾಯ್ತಾನೆ. 1982ರ ಚಿತ್ರಕ್ಕೂ ಸಾಯೋ ದೃಶ್ಯ ತೆಗೆದಿದ್ದರು, ಪರೀಕ್ಷಾ ಪ್ರದರ್ಶನದಲ್ಲಿ ಜನ ಒಪ್ಪಲಿಲ್ಲ, ಉಳಿಸಿದರು. ಅದರ ಮೇಲೇ ಸರಣಿ ಬೆಳೀತು. 'ಎ ಕ್ಲಾಕ್‌ವರ್ಕ್ ಆರೆಂಜ್' ಮೂಲದಲ್ಲಿ 21 ಅಧ್ಯಾಯ. ಅಮೆರಿಕದ ಮುದ್ರಣ ಕೊನೆಯದನ್ನ ಬಿಟ್ಟಿತ್ತು, ಕುಬ್ರಿಕ್ ಸಿನಿಮಾನೂ 20ಕ್ಕೇ ನಿಲ್ಲುತ್ತೆ, ಹುಡುಗ ಬದಲಾಗೋ ಭಾಗವೇ ಇಲ್ಲ. ಸ್ಟೀಫನ್ ಕಿಂಗ್‌ರ 'ದಿ ಮಿಸ್ಟ್' ಕಥೆ ಒಂದು ಸಣ್ಣ ಆಸೆಯಲ್ಲಿ ಮುಗಿಯುತ್ತೆ. 2007ರ ಚಿತ್ರದಲ್ಲಿ ಕಾರಿನಲ್ಲಿ ಐದು ಜನ, ಬಂದೂಕಿನಲ್ಲಿ ನಾಲ್ಕು ಗುಂಡು. ಮುಂದಿನದನ್ನ ಹೇಳಲ್ಲ, ನೋಡಿ.

ಸಿನಿಮಾನೇ ಮುಂದಿರೋ ಕೊನೆ ಒಂದಿದೆ: 1975ರ 'ಚೋಮನ ದುಡಿ', ಬಿ. ವಿ. ಕಾರಂತರದ್ದು. ಚೋಮ ಬಾಗಿಲು ಹಾಕ್ಕೊಂಡು ದುಡಿ ಬಾರಿಸ್ತಾ ಬಾರಿಸ್ತಾ ಸಾಯ್ತಾನೆ. ಶಿವರಾಮ ಕಾರಂತರ ಪುಸ್ತಕದಲ್ಲಿ ದುಡಿಯನ್ನ ನಾವು ಓದ್ತೀವಿ. ಚಿತ್ರದಲ್ಲಿ ಕೊನೆಯ ಕೆಲವು ನಿಮಿಷ ಕಣ್ಣು ಮುಚ್ಚಿ, ಒಳ್ಳೆ ಹೆಡ್‌ಫೋನ್ ಹಾಕಿ ಬರೀ ಕೇಳಿ. ದುಡಿ ಯಾವಾಗ ನಿಲ್ತು ಅಂತ ಕಾಮೆಂಟಿನಲ್ಲಿ ಬರೀರಿ.