ಮಾತ್ರೆಗೆ ಕೆಲವು ಗಂಟೆ, ಮೆದುಳಿಗೆ ಕೆಲವು ವಾರ

ಕೇಳುಗರಿಗೆಲ್ಲ ನಮಸ್ಕಾರ.

ಮನೋರೋಗದ ಔಷಧಿಗಳು ಮೆದುಳಿನ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಸರಳವಾಗಿ ತಿಳಿಸಬೇಕೆಂದು ಈ ಕಾರ್ಯಕ್ರಮದವರು ಕೇಳಿದ್ದಾರೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಖಿನ್ನತೆಗೆ ಕೊಡುವ ಮಾತ್ರೆ ಕೆಲವೇ ಗಂಟೆಗಳಲ್ಲಿ ಮೆದುಳನ್ನು ಮುಟ್ಟುತ್ತದೆ, ಆದರೆ ಮೆದುಳಿನ ನರಜಾಲ ಬದಲಾಗುವುದಕ್ಕೆ ವಾರಗಳೇ ಬೇಕು. ಹತ್ತು ದಿನ ನುಂಗಿ ಪ್ರಯೋಜನವಾಗಲಿಲ್ಲವೆಂದು ಮಾತ್ರೆಯನ್ನು ಮೂಲೆಗಿಡುವವರಿಗಾಗಿ, ಅವರಿಗಿಂತ ಹೆಚ್ಚಾಗಿ ‘ಅದೆಲ್ಲ ನಿದ್ದೆ ಮಾತ್ರೆ, ಅಭ್ಯಾಸವಾಗಿಬಿಡುತ್ತದೆ, ಬಿಟ್ಟುಬಿಡು’ ಎಂದು ಬುದ್ಧಿ ಹೇಳುವ ನೆಂಟರಿಷ್ಟರಿಗಾಗಿ ಈ ಮಾತನ್ನು ಆಡುತ್ತಿದ್ದೇನೆ.

‘ಡಾಕ್ಟರೇ, ಮೆದುಳಿನಲ್ಲಿ ಯಾವ ರಾಸಾಯನಿಕ ಕಡಿಮೆಯಾಗಿದೆ? ರಕ್ತ ಪರೀಕ್ಷೆ ಮಾಡಿಸಲೇ?’ ಎಂದು ಬಹಳ ಮಂದಿ ಕೇಳುತ್ತಾರೆ. ಕಬ್ಬಿಣದ ಅಂಶ ಕಡಿಮೆಯಾದರೆ ಕಬ್ಬಿಣದ ಮಾತ್ರೆ ನುಂಗುವ ಹಾಗೆಯೇ ಇದೂ ಎಂಬ ಭಾವನೆ ಅವರದು. ಈ ಭಾವನೆ ಬೇರೂರುವುದಕ್ಕೆ ಪ್ರಾಣಿಗಳ ಮೇಲೆ ನಡೆದ ಒಂದು ಪ್ರಯೋಗವೂ ಕಾರಣ. ಅದರ ಕಥೆ ನನಗೆ ಬಹಳ ಪ್ರಿಯವಾದದ್ದು, ನಮ್ಮ ನೆಲದಿಂದಲೇ ಹೊರಟದ್ದು.

ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಬಹು ಹಿಂದಿನಿಂದ ಬಳಸುತ್ತಿದ್ದರು. ಅದು ರಕ್ತದೊತ್ತಡವನ್ನು ತಗ್ಗಿಸುತ್ತದೆ, ಉನ್ಮಾದವನ್ನೂ ಶಮನಗೊಳಿಸುತ್ತದೆ ಎಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲರು ಅದನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದ ಮೇಲೆ ಪಶ್ಚಿಮದ ಗಮನ ಈ ಬೇರಿನ ಕಡೆಗೆ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರ ಸಾರವನ್ನು ಬೇರ್ಪಡಿಸಿ ರಿಸರ್ಪಿನ್ ಎಂದು ಹೆಸರಿಟ್ಟರು.

ಈ ರಿಸರ್ಪಿನ್ ಸ್ವೀಡನ್ನಿನ ಲುಂಡ್ ನಗರಕ್ಕೆ, ಆರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಗೆ ಹೋಯಿತು. ಅವರು ಅದನ್ನು ಮೊಲಗಳಿಗೆ ಕೊಟ್ಟರು. ಮೊಲಗಳು ಸತ್ತಿರಲಿಲ್ಲ, ನಿದ್ರಿಸುತ್ತಲೂ ಇರಲಿಲ್ಲ. ಆದರೆ ಕಿವಿಗಳನ್ನು ಇಳಿಬಿಟ್ಟುಕೊಂಡು, ಮೈಯನ್ನು ನೆಲಕ್ಕೆ ಚೆಲ್ಲಿ, ಅಲುಗಾಡದೆ ಬಿದ್ದಿದ್ದವು. ಆಗ ಕಾರ್ಲ್‌ಸನ್ ಅವುಗಳಿಗೆ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ಹದಿನೈದು ನಿಮಿಷವಾಗುವಷ್ಟರಲ್ಲಿ ಕಿವಿಗಳು ನೆಟ್ಟಗಾದವು, ಮೊಲಗಳು ಎದ್ದು ಓಡಾಡತೊಡಗಿದವು! ಮೆದುಳಿನ ಇನ್ನೊಂದು ರಾಸಾಯನಿಕವಾದ ಸೆರೊಟೋನಿನ್ ತಯಾರಾಗಲು ಬೇಕಾದ ವಸ್ತುವನ್ನು ಕೊಟ್ಟಾಗ ಹೀಗೆ ಏಳಲಿಲ್ಲ, ಎಲ್-ಡೋಪಾ ಕೊಟ್ಟಾಗ ಮಾತ್ರ ಎದ್ದವು. 1957ರಲ್ಲಿ ಇದು ಪ್ರಕಟವಾಯಿತು. ಮೆದುಳಿನಲ್ಲಿ ಎಲ್-ಡೋಪಾದಿಂದ ತಯಾರಾಗುವ, ರಿಸರ್ಪಿನ್ ಬರಿದು ಮಾಡಿದ್ದ ಡೋಪಮೈನ್ ತನ್ನಷ್ಟಕ್ಕೇ ಸಂದೇಶ ಸಾಗಿಸುವ ವಸ್ತು ಎಂಬ ಕಾರ್ಲ್‌ಸನ್ನರ ವಾದವನ್ನು 1960ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೇ ಒಪ್ಪಲಿಲ್ಲ. ಮರುವರ್ಷವೇ ವಿಯೆನ್ನಾದಲ್ಲಿ ಮೆದುಳಿನಲ್ಲಿ ಡೋಪಮೈನ್ ಕಡಿಮೆಯಾಗಿ ಮೈ ಬಿಗಿದುಕೊಳ್ಳುವ ಪಾರ್ಕಿನ್ಸನ್ ರೋಗದವರಿಗೆ ಎಲ್-ಡೋಪಾ ಕೊಟ್ಟಾಗ, ಹಾಸಿಗೆ ಬಿಟ್ಟೇಳಲಾಗದವರು ಎದ್ದು ನಡೆದರು. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂದಿತು.

ಎಷ್ಟು ಸೊಗಸಾದ ಕಥೆ! ಆದರೆ ‘ಒಂದು ವಸ್ತು ಕಡಿಮೆಯಾಯಿತು, ಬಿದ್ದಿತು, ಆ ವಸ್ತುವನ್ನು ತುಂಬಿದರು, ಎದ್ದಿತು’ ಎಂಬ ಲೆಕ್ಕವನ್ನು ಜನ ಖಿನ್ನತೆಗೂ ಅನ್ವಯಿಸಿಬಿಟ್ಟರು. ಖಿನ್ನತೆ ಆ ಮೊಲವಲ್ಲ. ಅದು ಬರಿದಾದ ಒಂದು ಪಾತ್ರೆಯಲ್ಲ; ಭಯ, ನೆನಪು, ನಿದ್ದೆ, ಹಸಿವು, ಯೋಚನೆ ಇವುಗಳನ್ನು ನೋಡಿಕೊಳ್ಳುವ ಭಾಗಗಳ ನಡುವಣ ಹೊಂದಾಣಿಕೆ ಕೆಟ್ಟ ಸ್ಥಿತಿ. ಕೆರೆಯ ತೂಬು ಎತ್ತಿದ ಕ್ಷಣವೇ ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದೆಂಬುದು ನಮ್ಮ ರೈತರಿಗೆ ಗೊತ್ತು. ಮಾತ್ರೆ ತೂಬನ್ನು ಎತ್ತುತ್ತದೆ, ಅಷ್ಟೇ.

ಕಥೆ ಹೇಳುವುದರಲ್ಲಿಯೇ ಅರ್ಧ ಸಮಯ ಕಳೆಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ನರಜಾಲ ಕೆಡುವ ಬಗೆಯನ್ನು ನಮ್ಮ ಬೆಂಗಳೂರಿನಲ್ಲಿಯೇ ಕಂಡಿದ್ದಾರೆ. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಅವರ ಸಂಗಡಿಗರು ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟು ನೋಡಿದರು. ನೆನಪನ್ನು ನೋಡಿಕೊಳ್ಳುವ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯವನ್ನು ನೋಡಿಕೊಳ್ಳುವ ಅಮಿಗ್ಡಲದಲ್ಲಿ ಕವಲುಗಳು ಹಬ್ಬಿದ್ದವು. ಇದು 2002ರಲ್ಲಿ ಪ್ರಕಟವಾಯಿತು. ಒಂದೇ ಒತ್ತಡದಿಂದ ಒಂದೆಡೆ ಕುಗ್ಗು, ಇನ್ನೊಂದೆಡೆ ಹಿಗ್ಗು ಎಂದಾದರೆ ಇದನ್ನು ಯಾವ ರಾಸಾಯನಿಕದ ಕೊರತೆಯೆಂದು ರಕ್ತದಲ್ಲಿ ಹುಡುಕುವುದು?

ಇನ್ನು ಮನುಷ್ಯರ ವಿಷಯ. ಅಮೆರಿಕದ ಹೆಲೆನ್ ಮೇಬರ್ಗ್ ಮತ್ತು ಸಂಗಡಿಗರು ಖಿನ್ನತೆಯ ರೋಗಿಗಳಿಗೆ ಫ್ಲುವಾಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟು, ಮೊದಲ ವಾರದಲ್ಲೊಮ್ಮೆ, ಆರನೆಯ ವಾರದಲ್ಲೊಮ್ಮೆ ಮೆದುಳಿನ ಸ್ಕ್ಯಾನ್ ಮಾಡಿದರು. ಗುಣ ಕಂಡವರಲ್ಲಿ ಆರನೆಯ ವಾರದ ಹೊತ್ತಿಗೆ ಮೆದುಳಿನ ಒಳಭಾಗದಲ್ಲಿ ದುಃಖದೊಂದಿಗೆ ನಂಟಿರುವ ಒಂದು ಪಟ್ಟಿಯ ಚಟುವಟಿಕೆ ತಗ್ಗಿತ್ತು, ಯೋಚಿಸಿ ನಿರ್ಧರಿಸುವ ಮುಂಭಾಗದ ಚಟುವಟಿಕೆ ಏರಿತ್ತು. ಮೊದಲ ವಾರದಲ್ಲಿ ಈ ಬದಲಾವಣೆ ಇರಲಿಲ್ಲ. ದಯವಿಟ್ಟು ಗಮನಿಸಿ: ಅದೇ ಮಾತ್ರೆ, ಅದೇ ಮೆದುಳು, ನಡುವೆ ಇದ್ದದ್ದು ವಾರಗಳು ಮಾತ್ರ.

ಹಾಗಾದರೆ ಮೊದಲ ವಾರದಲ್ಲಿಯೇ ಹೊಟ್ಟೆ ತೊಳಸುವುದೇಕೆ? ಇಂಥ ಮಾತ್ರೆ ಕೆಲಸ ಮಾಡುವುದು ಸೆರೊಟೋನಿನ್ ಮೇಲೆ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇಕಡಾ 90ರಷ್ಟು ಇರುವುದು ಕರುಳಿನಲ್ಲಿ. ಅಲ್ಲಿ ಪರಿಣಾಮ ಕೂಡಲೇ ಗೊತ್ತಾಗುತ್ತದೆ. ಹೀಗೆ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ; ನಮ್ಮ ಜನ ಸರಿಯಾಗಿ ಇವೆರಡರ ನಡುವೆಯೇ ಮಾತ್ರೆ ನಿಲ್ಲಿಸುತ್ತಾರೆ. ತೊಂದರೆಯಾದರೆ ವೈದ್ಯರಿಗೆ ಹೇಳಿ, ಅವರು ಪ್ರಮಾಣವನ್ನು ಬದಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ.

ಮನೆಯವರಿಗೆ ಇನ್ನೊಂದು ಪ್ರಯೋಗವನ್ನು ಹೇಳಲೇಬೇಕು. ಇಟಲಿ ಮತ್ತು ಫಿನ್ಲೆಂಡಿನ ವಿಜ್ಞಾನಿಗಳು ಮರಿ ಇಲಿಗಳ ಒಂದು ಕಣ್ಣನ್ನು ಮುಚ್ಚಿ, ದೊಡ್ಡವಾಗುವವರೆಗೆ ಹಾಗೆಯೇ ಬಿಟ್ಟು, ಆ ಕಣ್ಣಿನ ದೃಷ್ಟಿ ಮಂದವಾಗುವಂತೆ ಮಾಡಿದ್ದರು. ಆಮೇಲೆ ಕುಡಿಯುವ ನೀರಿನಲ್ಲಿ ಫ್ಲುವಾಕ್ಸೆಟಿನ್ ಬೆರೆಸಿ ಕೊಟ್ಟು, ಚೆನ್ನಾಗಿದ್ದ ಕಣ್ಣನ್ನು ಮುಚ್ಚಿ ಮಂದವಾದ ಕಣ್ಣಿಗೆ ಕೆಲಸ ಕೊಟ್ಟರು. ಬೆಳೆದ ಇಲಿಯಲ್ಲಿ ಮತ್ತೆ ಬಾರದೆಂದುಕೊಂಡಿದ್ದ ದೃಷ್ಟಿ ಮರಳಿತು. ಔಷಧಿ ನರಜಾಲವನ್ನು ಮೆತ್ತಗೆ ಮಾಡಿತು. ಅದನ್ನು ತಿದ್ದಿದ್ದು ಆ ಕಣ್ಣು ಕಂಡ ಬೆಳಕು. ಆದ್ದರಿಂದ ಮಾತ್ರೆ ನುಂಗಿಸಿ ರೋಗಿಯನ್ನು ಕೋಣೆಯಲ್ಲಿ ಕೂರಿಸಬೇಡಿ. ಸಂಜೆ ಅವರೊಡನೆ ನಾಲ್ಕು ಹೆಜ್ಜೆ ನಡೆಯಿರಿ, ಮನೆಯ ಸಣ್ಣಪುಟ್ಟ ಕೆಲಸಗಳಲ್ಲಿ ಅವರನ್ನೂ ಸೇರಿಸಿಕೊಳ್ಳಿ, ಆಪ್ತ ಸಲಹೆಗೆ ಕರೆದೊಯ್ಯಿರಿ. ಅದೂ ಔಷಧಿಯ ಅರ್ಧ ಭಾಗವೇ.

ಮಾತ್ರೆ ಶುರು ಮಾಡಿದ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆರನೆಯ ವಾರಕ್ಕೂ ಒಂದು ಗುರುತು ಹಾಕಿ. ನಡುವೆ ಭೇಟಿಗೆ ಕರೆದ ದಿನ ತಪ್ಪದೆ ಹೋಗಿ. ಮಾತ್ರೆ ಶುರುವಾದ ಮೇಲೆ ಚಡಪಡಿಕೆ ಹೆಚ್ಚಾದರೆ, ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಕೂಡಲೇ ವೈದ್ಯರನ್ನು ಕಾಣಿ. ಅವರು ಸಿಗದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ನಮಸ್ಕಾರ.